ಲ್ಯಾಕ್ಟಿಕ್ ಆಮ್ಲ ಹೊತ್ತ ಅಪವಾದ

ಜಿಮ್ಮಿನಲ್ಲಿ ನಾಲ್ಕನೆಯ ಸೆಟ್‌ಗೆ ತೋಳು ಮೇಲೇಳದಿದ್ದರೆ ಸಿಗುವ ಉತ್ತರ ಒಂದೇ: ‘ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ’. ಈ ಮಾತಿಗೆ ನೂರು ವರ್ಷ ದಾಟಿದೆ. ಅದಕ್ಕೆ ಬುನಾದಿ ಬಿದ್ದದ್ದು ಕಪ್ಪೆಯ ಸ್ನಾಯುವಿನಲ್ಲಿ.

ಸ್ನಾಯುವಿನಲ್ಲಿ ಈ ಆಮ್ಲ ಇರುವುದನ್ನು ಸ್ವೀಡನ್ನಿನ ಬರ್ಜೀಲಿಯಸ್ 1807ರಲ್ಲೇ ಕಂಡಿದ್ದ. ಅದನ್ನು ಅಳೆಯುವುದು ಮಾತ್ರ ಕಷ್ಟವಿತ್ತು. ಪರೀಕ್ಷೆಗೆಂದು ಸ್ನಾಯುವನ್ನು ಜಜ್ಜಿದರೆ ಅದರಿಂದಲೇ ಇನ್ನಷ್ಟು ಆಮ್ಲ ಹುಟ್ಟುತ್ತಿತ್ತು. ಕೇಂಬ್ರಿಡ್ಜ್‌ನ ಫ್ಲೆಚರ್ ಮತ್ತು ಹಾಪ್‌ಕಿನ್ಸ್ 1907ರಲ್ಲಿ ಉಪಾಯ ಹೂಡಿದರು. ಕಪ್ಪೆಯ ಸ್ನಾಯುವನ್ನು ಕೊರೆಯುವಷ್ಟು ತಣ್ಣಗಿನ ಆಲ್ಕೋಹಾಲಿಗೆ ಹಾಕಿ, ಅದರಲ್ಲೇ ಅರೆದರು. ಒಳಗಿನ ರಾಸಾಯನಿಕ ಕ್ರಿಯೆ ನಿಂತಲ್ಲೇ ನಿಂತಿತು. ಆಗ ತಿಳಿಯಿತು: ದಣಿದ ಸ್ನಾಯುವಿನಲ್ಲಿ ಆಮ್ಲ ಹೆಚ್ಚು, ಆಮ್ಲಜನಕ ಸಿಕ್ಕರೆ ಕಡಿಮೆ. ಸ್ನಾಯುವಿನ ಈ ಕೆಲಸವನ್ನು ಮುಂದುವರಿಸಿದ ಹಿಲ್ ಮತ್ತು ಮೆಯರ್‌ಹಾಫ್ 1922ರ ನೊಬೆಲ್ ಹಂಚಿಕೊಂಡರು. ದಣಿವಿದ್ದಲ್ಲಿ ಆಮ್ಲವಿದೆ, ಆದ್ದರಿಂದ ಆಮ್ಲವೇ ಕಾರಣ ಎಂಬ ತೀರ್ಮಾನ ಗಟ್ಟಿಯಾಯಿತು.

1930ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್ ಆಮ್ಲವೇ ಹುಟ್ಟದಂತೆ ಸ್ನಾಯುವಿಗೆ ವಿಷ ಹಾಕಿ ನೋಡಿದ. ಸ್ನಾಯು ಸ್ವಲ್ಪ ಹೊತ್ತು ದುಡಿಯಿತು, ಕೊನೆಗೆ ಆಮ್ಲವಿಲ್ಲದೆಯೇ ಸೋತಿತು. ಆದರೂ ಹಳೆಯ ನಂಬಿಕೆ ಕದಲಲಿಲ್ಲ. 2001ರಲ್ಲಿ ಡೆನ್ಮಾರ್ಕಿನವರೇ ಇನ್ನೊಂದು ಪೆಟ್ಟು ಕೊಟ್ಟರು: ಪೊಟ್ಯಾಸಿಯಂನಿಂದ ಸೊರಗಿದ ಇಲಿಯ ಸ್ನಾಯು ಲ್ಯಾಕ್ಟಿಕ್ ಆಮ್ಲ ಸೇರಿಸಿದಾಗ ಚೇತರಿಸಿಕೊಂಡಿತು. ಲ್ಯಾಕ್ಟೇಟ್, ಅಂದರೆ ದೇಹದೊಳಗೆ ಲ್ಯಾಕ್ಟಿಕ್ ಆಮ್ಲ ಇರುವ ರೂಪ, ಕಸವಲ್ಲ, ಹೃದಯವೂ ಉರಿಸಿಕೊಳ್ಳುವ ಇಂಧನ ಎಂದು ಅಮೆರಿಕದ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದಲೇ ಹೇಳುತ್ತಿದ್ದರು.

ಹಾಗಾದರೆ ತೋಳು ಸೋಲುವುದೇಕೆ? ಸ್ನಾಯುವಿಗೆ ಶಕ್ತಿ ಕೊಡುವ ಅಣು ಎಟಿಪಿ; ಸಿದ್ಧವಾಗಿರುವಷ್ಟು ಕೆಲವೇ ಸೆಕೆಂಡಿಗೆ ಸಾಲುತ್ತದೆ. ಅದನ್ನು ಕೂಡಲೇ ತುಂಬಿಕೊಡುವುದು ಕ್ರಿಯಾಟಿನ್ ಫಾಸ್ಫೇಟ್. ಅದು ಒಡೆದಾಗ ಉಳಿಯುವ ಫಾಸ್ಫೇಟ್, ಸ್ನಾಯುವಿನ ಎಳೆಗಳ ಹಿಡಿತವನ್ನು ಸಡಿಲಿಸುತ್ತದೆ. ಸಂಕುಚನಕ್ಕೆ ಬೇಕಾದ ಕ್ಯಾಲ್ಸಿಯಂ ಹೊರಬೀಳುವುದಕ್ಕೂ ಅಡ್ಡಿಯಾಗುತ್ತದೆ. ಆಮ್ಲೀಯತೆಯ ಪಾಲು ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಅದೊಂದೇ ಕಾರಣ ಎಂಬುದಂತೂ ಬಿದ್ದುಹೋಗಿದೆ.

ಮರುದಿನದ ಮೈಕೈ ನೋವಿಗೂ ಆಮ್ಲವನ್ನು ದೂರುವಂತಿಲ್ಲ. ವ್ಯಾಯಾಮ ನಿಂತ ಸುಮಾರು ಒಂದು ಗಂಟೆಯಲ್ಲಿ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆ ನೋವು ಒಳಗಿನ ಸಣ್ಣ ಸೀಳುಗಳಿಂದ ಬರುತ್ತದೆ ಎಂದು ಅಮೆರಿಕದ ಥಿಯೋಡರ್ ಹಫ್ 1902ರಲ್ಲೇ ಊಹಿಸಿದ್ದ.

ಇನ್ನು ಸೆಟ್‌ಗಳ ನಡುವಿನ ವಿಶ್ರಾಂತಿಯ ಮಾತು. ಖರ್ಚಾದ ಕ್ರಿಯಾಟಿನ್ ಫಾಸ್ಫೇಟ್ ಅರ್ಧದಷ್ಟು ಮರಳಲು ಸುಮಾರು ಅರ್ಧ ನಿಮಿಷ ಸಾಕು. ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ಹಾಗಾಗಿ ಭಾರದ ಸೆಟ್‌ಗಳ ನಡುವೆ ಮೂರು ನಿಮಿಷ ಕೂತರೆ ಅದು ಸೋಮಾರಿತನವಲ್ಲ. ಯಾರಾದರೂ ಅವಸರ ಮಾಡಿದರೆ ಧೈರ್ಯವಾಗಿ ಕೂತೇ ಇರಿ.