ಹಳದಿ ಬಟ್ಟೆಯ ಹಿಂದಿನ ನೋವು

1978ರ ಆಗಸ್ಟ್ 12. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಒಂದು ಅಭ್ಯಾಸ ಪಂದ್ಯ. ನ್ಯೂ ಇಂಗ್ಲೆಂಡ್ ತಂಡದ ಡ್ಯಾರಿಲ್ ಸ್ಟಿಂಗ್ಲಿ ತಮ್ಮತ್ತ ಬಂದ ಚೆಂಡಿಗಾಗಿ ಕೈಚಾಚಿ ಜಿಗಿದರು. ಎದುರಿನಿಂದ ಧಾವಿಸಿ ಬಂದ ಜ್ಯಾಕ್ ಟೇಟಮ್ ಡಿಕ್ಕಿ ಹೊಡೆದರು. ಕತ್ತಿನ ಮೂಳೆ ಮುರಿದು ಸ್ಟಿಂಗ್ಲಿಯವರ ಕೈಕಾಲುಗಳ ಸ್ವಾಧೀನ ತಪ್ಪಿತು. ಆಗ ಅವರಿಗೆ 26 ವರ್ಷ. ತೀರ್ಪುಗಾರರು ದಂಡ ವಿಧಿಸಲಿಲ್ಲ. ಅಂದಿನ ನಿಯಮದ ಪ್ರಕಾರ ಅದು ತಪ್ಪೇ ಆಗಿರಲಿಲ್ಲ!

ಹೆಸರು ಫುಟ್‌ಬಾಲ್ ಎಂದಿದ್ದರೂ ಇದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಓಡುವವನನ್ನು ಹಿಡಿದು ನೆಲಕ್ಕೆ ಕೆಡವುವುದೇ ಟ್ಯಾಕಲ್. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ದೊರೆಯುತ್ತವೆ. ಒಂದೊಂದು ಗಜಕ್ಕೂ ಇಷ್ಟು ಬೆಲೆಯಿರುವುದರಿಂದ ದಂಡವೂ ಗಜದ ಲೆಕ್ಕದಲ್ಲೇ. ತಪ್ಪು ಕಂಡರೆ ತೀರ್ಪುಗಾರರು ಹಳದಿ ಬಟ್ಟೆ ಎಸೆಯುತ್ತಾರೆ. ಸಣ್ಣ ತಪ್ಪಿಗೆ 5 ಗಜ, ಅಪಾಯಕಾರಿ ಟ್ಯಾಕಲ್‌ಗೆ 15 ಗಜ.

ಹೇಗೆ ಕೆಡವಬಾರದೆಂಬ ಪಟ್ಟಿ ಒಮ್ಮೆಲೇ ಸಿದ್ಧವಾದುದಲ್ಲ. ಶಿರಸ್ತ್ರಾಣದ ಮುಂದಿನ ಜಾಲರಿ ಹಿಡಿದೆಳೆದರೆ ಕತ್ತು ತಿರುಚುತ್ತದೆ. 1956ರಲ್ಲಿ ಅದನ್ನು ನಿಷೇಧಿಸಿದರೂ ಚೆಂಡು ಹಿಡಿದವನಿಗೆ ಈ ರಕ್ಷಣೆ ಸಿಕ್ಕಿದ್ದು 1962ರಲ್ಲಿ. ಹಿಂದಿನಿಂದ ಕೊರಳಪಟ್ಟಿಗೆ ಕೈಹಾಕಿ ಕೆಡವಿದ್ದರಿಂದ 2004ರಲ್ಲಿ ಹಲವರ ಕಾಲಿಗೆ ಪೆಟ್ಟಾಯಿತು. ಮರುವರ್ಷವೇ ಅದಕ್ಕೂ ನಿಷೇಧ. ತಲೆಗೆ ಬಿದ್ದ ಪೆಟ್ಟುಗಳಿಂದ ಮಿದುಳು ಹಾಳಾಯಿತೆಂದು ಸಾವಿರಾರು ಮಾಜಿ ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು. 2018ರಲ್ಲಿ, ತಲೆ ತಗ್ಗಿಸಿ ಶಿರಸ್ತ್ರಾಣದಿಂದ ಗುದ್ದುವುದು ಯಾರೇ ಮಾಡಿದರೂ ತಪ್ಪಾಯಿತು. 2024ರಲ್ಲಿ, ಓಟಗಾರನನ್ನು ತಬ್ಬಿ, ಸೊಂಟ ತಿರುಗಿಸಿ, ಅವನ ಕಾಲುಗಳ ಮೇಲೆ ಮೈಭಾರ ಬಿಡುವುದಕ್ಕೂ ತಡೆ ಬಿತ್ತು.

ಆಶ್ಚರ್ಯವೆಂದರೆ, ಈ ಕೊನೆಯ ನಿಯಮವನ್ನು ಆಟಗಾರರ ಸಂಘವೇ ವಿರೋಧಿಸಿತು. ಕ್ಷಣಾರ್ಧದಲ್ಲಿ ಮುಗಿಯುವ ಹಿಡಿತದಲ್ಲಿ ಸರಿ-ತಪ್ಪುಗಳ ಗೆರೆ ಎಳೆಯುವುದು ಹೇಗೆಂಬುದು ಅದರ ಆಕ್ಷೇಪ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ನಿಯಮದ ಪುಸ್ತಕ ಮೌನವಾಗಿದ್ದರೆ ಏನಾಗಬಹುದೆಂಬುದಕ್ಕೂ ಸಾಕ್ಷಿಯಿದೆ. ಚೆಂಡು ಹಿಡಿಯುತ್ತಿರುವ, ರಕ್ಷಿಸಿಕೊಳ್ಳಲಾಗದ ಆಟಗಾರನ ತಲೆ, ಕತ್ತಿಗೆ ಹೊಡೆದರೆ ಇಂದು ಹಳದಿ ಬಟ್ಟೆ ಬೀಳುತ್ತದೆ. ಸ್ಟಿಂಗ್ಲಿ ಮಾತ್ರ 2007ರಲ್ಲಿ ತೀರಿಕೊಳ್ಳುವವರೆಗೂ ಗಾಲಿಕುರ್ಚಿಯಲ್ಲೇ ಉಳಿದರು.