ರಬ್ಬರ್ ಶೀಟಿನ ಹುಳಿನೀರೂ ಪೇಟೆಂಟ್ ಯಂತ್ರಗಳೂ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಅಡಕೆಯೊಡನೆ ರಬ್ಬರ್ ಕೃಷಿಯೂ ನೆಲೆಗೊಂಡಿರುವುದಷ್ಟೆ. ಶೀಟು ತಯಾರಿಸುವ ಕೊಟ್ಟಿಗೆಯ ಹಿಂಬದಿಯಿಂದ ಹರಿಯುವ ಹುಳಿನೀರಿನ ವಿಚಾರದಲ್ಲಿ ಮಾತ್ರ ಬಹುಮಂದಿ ಜಮೀನುದಾರರು ಸಾಕಷ್ಟು ಗಮನವಿಟ್ಟಂತೆ ಕಾಣಬರುವುದಿಲ್ಲ.

ರಬ್ಬರ್ ಹಾಲಿಗೆ ನೀರು ಬೆರೆಸಿ, ಅದರಲ್ಲಿ ಒಣ ರಬ್ಬರಿನ ಅಂಶವು ಶೇಕಡಾ 12.5 ಆಗುವಂತೆ ಮಾಡುವುದು ವಾಡಿಕೆ. 4 ಲೀಟರು ಹಿಡಿಯುವ ತಟ್ಟೆಯಿಂದ ಅರ್ಧ ಕಿಲೋ ತೂಕದ ಶೀಟು ದೊರೆಯುವುದು. ಎಂದರೆ 1 ಕಿಲೋ ರಬ್ಬರಿಗೆ ಸುಮಾರು 7 ಲೀಟರು ಹುಳಿನೀರು ಉಳಿಯುತ್ತದೆ. ದಿನಕ್ಕೆ 40 ಶೀಟು ತೆಗೆಯುವವನ ಕೊಟ್ಟಿಗೆಯಿಂದ 140 ಲೀಟರು ಹೊರಬೀಳುವುದು. ರೋಲರು, ತಟ್ಟೆಗಳನ್ನು ತೊಳೆದ ನೀರು ಬೇರೆ. ಇದರಲ್ಲಿ ಆಮ್ಲವಲ್ಲದೆ ಹಾಲಿನ ಸಸಾರಜನಕ, ಸಕ್ಕರೆ ಮುಂತಾದುವೂ ಇರುತ್ತವೆ. ತೋಡಿಗೆ ಬಿದ್ದೊಡನೆ ಇವು ಕೊಳೆಯತೊಡಗಿ ನೀರಿನೊಳಗಿನ ಆಮ್ಲಜನಕವನ್ನು ಹೀರಿಬಿಡುವುವು. ಹರಿವು ಸಣ್ಣದಾದ ಕಾಲದಲ್ಲಿ ಮೀನಿಗೆ ಅಪಾಯ. ಬಾವಿ ಸಮೀಪದಲ್ಲಿದ್ದರೆ ಮನುಷ್ಯರಿಗೂ ಕ್ಷೇಮವಲ್ಲ. ಒಬ್ಬನ ತೋಡು ಅವನಲ್ಲಿಗೇ ಮುಗಿಯುವುದಿಲ್ಲ. ಕಡಬದ ಕಡೆಯ ನೀರು ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವುದು. ಸುಳ್ಯದ ನೀರು ಪಯಸ್ವಿನಿಯಲ್ಲಿ ಕಾಸರಗೋಡಿನತ್ತ ಹೋಗುವುದು.

ಇಂತಹ ನೀರನ್ನು ಶುದ್ಧಿಮಾಡುವ ಯಂತ್ರಗಳನ್ನೂ ಸೂಕ್ಷ್ಮಜೀವಿಗಳ ಪುಡಿಗಳನ್ನೂ ಮಾರುವವರು "ಪೇಟೆಂಟ್ ಪಡೆದದ್ದು" ಎಂದು ಹೇಳಿಕೊಳ್ಳುವುದುಂಟು. ಈ ಮಾತಿನ ಬೆಲೆಯೆಷ್ಟೆಂಬುದನ್ನು ಹಣ ಕೊಡುವ ಮೊದಲೇ ತಿಳಿಯತಕ್ಕದ್ದು. ಪೇಟೆಂಟ್ ಎಂಬುದು ಶೋಧಕನ ಅನುಮತಿಯಿಲ್ಲದೆ ಅನ್ಯರು ಆ ವಸ್ತುವನ್ನು ಮಾಡದಂತೆಯೂ ಮಾರದಂತೆಯೂ ತಡೆಯುವ ಹಕ್ಕು. ಶೋಧವು ಹೊಸದೇ, ಉದ್ಯಮದಲ್ಲಿ ಉಪಯೋಗಿಸಬಹುದಾದದ್ದೇ ಎಂಬುದನ್ನು ಕಚೇರಿಯು ನೋಡುವುದೇ ಹೊರತು, ಕೊಳ್ಳುವವನ ಅಂಗಳದಲ್ಲಿ ನಡೆಸಿ ನೋಡಿ ಯೋಗ್ಯತಾಪತ್ರವನ್ನು ಕೊಡುವುದಿಲ್ಲ. 1970ರ ಪೇಟೆಂಟ್ ಕಾಯಿದೆಯಂತೆ ಈ ಹಕ್ಕಿನ ಅವಧಿಯು ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ನವೀಕರಣದ ಶುಲ್ಕ ಕಟ್ಟದಿದ್ದರೆ ಅದಕ್ಕೂ ಮೊದಲೇ ಬಿದ್ದುಹೋಗುವುದು. ಅನ್ಯದೇಶದ ಪೇಟೆಂಟು ಇಲ್ಲಿ ನಡೆಯದು. ಅವಧಿ ತೀರಿದ ಯಂತ್ರವನ್ನು ಊರಿನ ಕಮ್ಮಾರನೂ ಮಾಡಿಕೊಡಬಹುದು. ಅದರ ವಿವರಣಪತ್ರವು ಯಾರು ಬೇಕಾದರೂ ಓದುವಂತೆ ತೆರೆದಿರುತ್ತದೆ. ಬೇಸಾಯದ ವಿಧಾನಕ್ಕಂತೂ ಆ ಕಾಯಿದೆಯಲ್ಲಿ ಪೇಟೆಂಟೇ ಇಲ್ಲ. ಆದಕಾರಣ ಸಂಖ್ಯೆ, ದೇಶ, ಅರ್ಜಿಯ ವರ್ಷ ಈ ಮೂರನ್ನೂ ಕೇಳಬೇಕು. ಬಣ್ಣದ ಚೀಟಿಯಲ್ಲಿ ಪೇಟೆಂಟ್ ಎಂಬ ಪದವು ದಪ್ಪವಾದಷ್ಟೂ ಸಂಖ್ಯೆಯು ಸಣ್ಣದಾಗುವುದುಂಟು. ಇಲ್ಲದ ಪೇಟೆಂಟನ್ನು ಇದೆಯೆಂದು ಸಾರುವುದು ದಂಡಾರ್ಹವು.

ಈ ಸಂಬಂಧವಾಗಿ ಒಂದು ಪ್ರಸಿದ್ಧ ದೃಷ್ಟಾಂತವುಂಟು. ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ್ದ ಆನಂದಮೋಹನ ಚಕ್ರವರ್ತಿಯವರು ಕಚ್ಚಾ ಎಣ್ಣೆಯನ್ನು ತಿನ್ನುವ ಬ್ಯಾಕ್ಟೀರಿಯವೊಂದನ್ನು ಸಿದ್ಧಪಡಿಸಿ 1972ರಲ್ಲಿ ಪೇಟೆಂಟಿಗೆ ಅರ್ಜಿಯಿತ್ತರು. ಆ ದೇಶದ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಐವರಿಗೆ ನಾಲ್ವರ ಬಹುಮತದಿಂದ ಅವರ ಪಕ್ಷವನ್ನು ಎತ್ತಿಹಿಡಿಯಿತು. ಮರುವರ್ಷ ಪೇಟೆಂಟೂ ದೊರೆಯಿತು. ಆದರೂ ಸಮುದ್ರಕ್ಕೆ ಚೆಲ್ಲಿದ ಎಣ್ಣೆಯನ್ನು ತೆಗೆಯಲು ಆ ಜೀವಿಯು ಬಳಕೆಗೆ ಬರಲಿಲ್ಲ. ನ್ಯಾಯಾಲಯದಲ್ಲಿ ಗೆಲ್ಲುವುದು ಬೇರೆ, ಬಯಲಿನಲ್ಲಿ ಕೆಲಸಮಾಡುವುದು ಬೇರೆ.

ಶೀಟಿನ ಹುಳಿನೀರಿಗೆ ಬೇಕಾದ ಸೂಕ್ಷ್ಮಜೀವಿಗಳಾದರೋ ಹಟ್ಟಿಯ ಸಗಣಿಯಲ್ಲಿಯೇ ಇವೆ. ಅವು ಯಾರ ಸ್ವತ್ತೂ ಅಲ್ಲ. ಗೋಬರ್ ಗ್ಯಾಸಿನ ತೊಟ್ಟಿಯನ್ನು ಮೊದಲು ಸಗಣಿಯ ಬಗ್ಗಡದಿಂದ ತುಂಬಿ, ಅನಿಲವು ಚೆನ್ನಾಗಿ ಉರಿಯತೊಡಗಿದ ಮೇಲೆ ಹುಳಿನೀರನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಹೋಗಬೇಕು. ಅವಸರಪಟ್ಟು ಒಮ್ಮೆಗೇ ಸುರಿದರೆ ಆಮ್ಲವು ಹೆಚ್ಚಿ ಅನಿಲವು ನಿಂತುಹೋಗುವುದು. ಹಾಲನ್ನು ಹೆಪ್ಪುಗಟ್ಟಿಸಲು ಅಗ್ಗವೆಂದು ಗಂಧಕಾಮ್ಲವನ್ನು ಬಳಸುವವರ ತೊಟ್ಟಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲವು ಹುಟ್ಟುವುದರಿಂದ, ಫಾರ್ಮಿಕ್ ಆಮ್ಲವೇ ಲೇಸು. ತೊಟ್ಟಿಯಿಂದ ಹೊರಬಂದ ನೀರು ಪೂರ್ಣ ಶುದ್ಧವೆಂದು ಭ್ರಮಿಸಿ ತೋಡಿಗೆ ಬಿಡಲಾಗದು. ಗುಂಡಿಯಲ್ಲಿ ತಂಗಿಸಿ ತೋಟದ ಮರಗಳಿಗೆ ಹಾಯಿಸತಕ್ಕದ್ದು. ಎಲೆಯುದುರಿ ಟ್ಯಾಪಿಂಗ್ ನಿಲ್ಲುವ ದಿನಗಳಲ್ಲಿ ತೊಟ್ಟಿಯನ್ನು ಉಪವಾಸ ಕೆಡಹದೆ ದಿನವೂ ಸಗಣಿಯ ಬಗ್ಗಡವನ್ನು ಹಾಕುತ್ತಿದ್ದರೆ, ಮತ್ತೆ ಹಾಲು ಬಂದಾಗ ಮೊದಲಿನಿಂದ ಆರಂಭಿಸಬೇಕಾದ ಕಷ್ಟವಿಲ್ಲ.