ಪಾಠದಲ್ಲಿ ಪಂಕ್ತಿಭೇದವೇಕೆ?

ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತವರಲ್ಲಿ ಒಬ್ಬನಿಗೆ ತುಪ್ಪವನ್ನು ಬಡಿಸಿ ಮತ್ತೊಬ್ಬನ ಎಲೆಯನ್ನು ದಾಟಿ ಹೋಗುವುದನ್ನು ನಮ್ಮ ಹಿರಿಯರು ಪಂಕ್ತಿಭೇದವೆಂದು ಕರೆದು ದೋಷವೆಂದೆಣಿಸಿದರು. ಅನ್ನದಾನದಲ್ಲಿ ದೋಷವಾದುದು ವಿದ್ಯಾದಾನದಲ್ಲಿ ಗುಣವಾದೀತೆ? ಈಗಿನ ಕೆಲವು ತರಗತಿಗಳಲ್ಲಿ ಎರಡು ಪಂಕ್ತಿಗಳುಂಟು. ಉಪಾಧ್ಯಾಯನ ಎದುರಿಗೆ ಬೆಂಚಿನ ಮೇಲೆ ಕುಳಿತವರದು ಒಂದು. ಅದೇ ಪಾಠವನ್ನು ಅದೇ ಹೊತ್ತಿನಲ್ಲಿ ಅಂತರ್ಜಾಲದ ಮೂಲಕ ದೂರದ ಮನೆಗಳಿಂದ ಕೇಳುವವರದು ಇನ್ನೊಂದು.

ಈ ಏರ್ಪಾಡು ಕೊರೋನಾ ವ್ಯಾಧಿಯ ಕಾಲದಲ್ಲಿ ಹುಟ್ಟಿತೆಂದು ಅನೇಕರು ತಿಳಿದಿರುವರು. ಆದರೆ ಅಮೆರಿಕಾ ದೇಶದ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬ್ರಯಾನ್ ಬೀಟಿ ಎಂಬ ಪ್ರಾಧ್ಯಾಪಕರು 2006ರಲ್ಲಿಯೇ ‘ಹೈಫ್ಲೆಕ್ಸ್’ ಎಂಬ ಕ್ರಮವನ್ನು ತೊಡಗಿಸಿದ್ದರು. ತರಗತಿಗೆ ಬರುವುದೋ ದೂರದಿಂದ ಕೇಳುವುದೋ ಎಂಬುದು ಅಲ್ಲಿ ವಿದ್ಯಾರ್ಥಿಯ ಇಚ್ಛೆ. ಯಾವ ದಾರಿಯನ್ನು ಹಿಡಿದರೂ ಕಲಿಕೆಯ ಫಲವು ಸಮಾನವಾಗಿರಬೇಕೆಂಬುದು ಅದರ ತತ್ತ್ವ. ನಮ್ಮ ನಾಡಿನಲ್ಲಿ 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದ ಮೇಲೆ ಪರದೆಯ ಪಾಠವು ಮನೆಗಳನ್ನು ಹೊಕ್ಕಿತು. 2021ರಲ್ಲಿ ಬಾಗಿಲು ತೆರೆದಾಗ ಹಲವು ಶಾಲೆಗಳಲ್ಲಿ ಕೆಲವರು ಒಳಗೆ, ಕೆಲವರು ಪರದೆಯಲ್ಲಿ ಎಂಬಂತಾಯಿತು.

ನಾವು ವಾರಕ್ಕೊಮ್ಮೆ ನಡೆಯಿಸುವ ಸಣ್ಣ ಸಂಸ್ಕೃತ ತರಗತಿಯಲ್ಲಿ ಹತ್ತು ಮಂದಿ ಕೊಠಡಿಯಲ್ಲಿಯೂ ಐವರು ಪರದೆಯಲ್ಲಿಯೂ ಇರುವರು. ಮೊದಮೊದಲು ಎದುರಿಗಿದ್ದವರು ತಲೆದೂಗಿದರೆ ಎಲ್ಲರಿಗೂ ತಿಳಿಯಿತೆಂದೇ ನಾವು ಬಗೆಯುತ್ತಿದ್ದೆವು. ಪರದೆಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದಳು. ವಿಚಾರಿಸಲಾಗಿ ಅವಳ ತಾಯಿಯವರು, “ಅವಳು ಉತ್ತರ ಹೇಳಿದಾಗ ಎಲ್ಲರೂ ನಕ್ಕರಂತೆ ಗುರುಗಳೆ, ಇನ್ನು ಕೂರುವುದಿಲ್ಲವೆನ್ನುತ್ತಾಳೆ” ಎಂದರು. ನಡೆದದ್ದಿಷ್ಟು: ಕಿಟಕಿಯಿಂದ ನುಗ್ಗಿದ ಕೋತಿಯೊಂದು ಒಬ್ಬನ ತಿಂಡಿಯ ಡಬ್ಬಿಯನ್ನು ಎತ್ತಿಕೊಂಡು ಓಡಿತ್ತು. ಅವಳಿಗೆ ನಗು ಕೇಳಿಸಿತು, ಕೋತಿ ಕಾಣಿಸಲಿಲ್ಲ. ಅದನ್ನು ಹೇಳಬೇಕೆಂಬ ಎಚ್ಚರವು ನಮಗಿರಲಿಲ್ಲ. ತಪ್ಪು ನಮ್ಮದೇ.

ವಿದ್ಯೆಯ ಕಾಲುಭಾಗವು ಸಹಪಾಠಿಗಳಿಂದ ಬರುವುದೆಂದು ಹಿಂದಿನವರು ಹೇಳಿರುವರು. ದೂರದ ಮಗುವಿಗೆ ಗುರುವಿನ ಧ್ವನಿಯು ತಲಪುವುದು. ತಪ್ಪುವುದು ಈ ಕಾಲುಭಾಗವೇ. ಇದನ್ನರಿತು ನಾವು ಕ್ರಮವನ್ನು ಬದಲಾಯಿಸಿದೆವು. ಮೈಕನ್ನು ನಮ್ಮ ಮೇಜಿನಿಂದ ಎತ್ತಿ ಮಕ್ಕಳ ನಡುವೆ ಇರಿಸಿದೆವು. ಕೊಠಡಿಯಲ್ಲಿ ಯಾರು ಏನು ಕೇಳಿದರೂ ಅದನ್ನು ಮತ್ತೊಮ್ಮೆ ಹೇಳಿದ ನಂತರವೇ ಉತ್ತರ ಕೊಡುವೆವು. ಪ್ರಶ್ನೆಯನ್ನು ಮೊದಲು ದೂರದವರಿಗೆ ಹಾಕಿ, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಸುಮ್ಮನಿರುವೆವು. ಪರದೆಯ ಪ್ರತಿಯೊಬ್ಬರಿಗೂ ಕೊಠಡಿಯಲ್ಲಿ ಒಬ್ಬ ಜೊತೆಗಾರನನ್ನು ಗೊತ್ತುಮಾಡಿದೆವು. ತನ್ನ ಜೊತೆಯವರು ಕೈಯೆತ್ತಿದರೆ ನಮಗೆ ತಿಳಿಸುವುದು ಅವನ ಹೊಣೆ.

ಕಂಠಪಾಠದಲ್ಲಿ ಮಾತ್ರ ತೊಡಕು ಉಳಿಯಿತು. ಜಾಲದಲ್ಲಿ ಧ್ವನಿಯು ಕೊಂಚ ತಡವಾಗಿ ಬರುವುದರಿಂದ ಎರಡು ಪಂಕ್ತಿಯವರೂ ಒಕ್ಕೊರಲಿನಿಂದ ಹೇಳುವುದು ಸಾಧ್ಯವಿಲ್ಲ. ಆದಕಾರಣ ದೂರದವರಲ್ಲಿ ಒಬ್ಬರು ಮೊದಲು ಹೇಳಿಕೊಡುವುದು, ಕೊಠಡಿಯವರು ಅನುಸರಿಸುವುದು ಎಂದು ಏರ್ಪಡಿಸಿದೆವು. ನಾವು ಕ್ಷಮೆ ಕೇಳಿದ ಮೇಲೆ ಮರಳಿದ ಆ ಹುಡುಗಿಗೇ ಮೊದಲ ಸರದಿ ಬಂದಿತು. ಅವಳು ರಾಮ ಶಬ್ದದ ರೂಪಗಳನ್ನು ಒಂದೊಂದಾಗಿ ಹೇಳಿಕೊಟ್ಟಳು. ಹತ್ತು ಕಂಠಗಳು ಅವಳನ್ನು ಹಿಂಬಾಲಿಸಿದವು. ಆ ದಿನ ಅವಳ ಮುಖವನ್ನು ನೋಡಿ ನಮಗೂ ಮನಸ್ಸು ಹಗುರವಾಯಿತು.

ಈ ಕ್ರಮವು ಸುಲಭವೆಂದು ನಾವು ಹೇಳೆವು. ಎರಡು ಕಡೆಗೂ ಕಣ್ಣಿಡುವ ಉಪಾಧ್ಯಾಯನಿಗೆ ಶ್ರಮವು ಇಮ್ಮಡಿ. ಆದುದರಿಂದ ದೊಡ್ಡ ತರಗತಿಗೆ ಸಹಾಯಕನೊಬ್ಬನು ಬೇಕೇ ಬೇಕು. ಮನೆಯವರಲ್ಲಿಯೂ ನಮ್ಮದೊಂದು ಬಿನ್ನಹವುಂಟು. ಪಾಠದ ಹೊತ್ತಿಗೆ ಮಗುವಿಗೆ ಸದ್ದಿಲ್ಲದ ಒಂದು ಮೂಲೆಯನ್ನು ಬಿಟ್ಟುಕೊಡಿರಿ. ಮರೆಯಲ್ಲಿ ನಿಂತು ಉತ್ತರವನ್ನು ಹೇಳಿಕೊಡಬೇಡಿರಿ. ಪಾಠವು ಮುಗಿದ ಮೇಲೆ “ಏನು ಕಲಿತೆ?” ಎನ್ನುವುದರ ಜೊತೆಗೆ “ಇಂದು ಯಾರೊಡನೆ ಮಾತನಾಡಿದೆ?” ಎಂದೂ ಕೇಳಿರಿ. ಯಾರೊಡನೆಯೂ ಇಲ್ಲವೆಂದು ಮಗುವು ಹೇಳಿದರೆ, ತುಪ್ಪವು ಆ ಎಲೆಯನ್ನು ದಾಟಿಹೋಯಿತೆಂದು ತಿಳಿದು ಉಪಾಧ್ಯಾಯನಿಗೆ ಒಂದು ಮಾತು ತಿಳಿಸಿರಿ.